ಹನ್ನೊಂದು ಕಂಪ್ಯೂಟರ್ ನಿಂತ ಸಂತೋಷ

ಕಂಪ್ಯೂಟರ್ ಕೈಕೊಟ್ಟಿತೆಂದು ಮನುಷ್ಯನೊಬ್ಬ ಕುಣಿದದ್ದನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಕುಣಿದವನು ಕೈಲೂನ್. ಕುಣಿದದ್ದು ಕಡಲತೀರದ ದೊಂಗ್‌ಶಿ ಊರಿನ ಹಿರಿಯರ ಕೇಂದ್ರದಲ್ಲಿ, ಹನ್ನೆರಡು ಜನ ಅಜ್ಜಿಯರ ಎದುರಿಗೆ.

ಶುಯಿಲು ಎಂಬುದು ನಾವೊಂದಿಷ್ಟು ಜನ ಸೇರಿ ಕಟ್ಟಿ, ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಬಿಟ್ಟಿರುವ ಕಂಪ್ಯೂಟರ್ ವ್ಯವಸ್ಥೆ. ನಮ್ಮ ಬೆಟ್ಟಗಳ ಕಡವೆಯ ಹೆಸರನ್ನೇ ಅದಕ್ಕಿಟ್ಟಿದ್ದೇವೆ. ಖಾಲಿ ಕಂಪ್ಯೂಟರಿನೊಳಗೆ ಅದನ್ನು ಕೂರಿಸುವ ಇನ್‌ಸ್ಟಾಲರನ್ನು ನೋಡಿಕೊಳ್ಳುವುದು ನಾನು ಮತ್ತು ಕೈಲೂನ್. ಡಿಸ್ಕನ್ನು ಅಣಿಮಾಡಿ ಫೈಲುಗಳನ್ನು ನಕಲು ಮಾಡುವ ಭಾಗ ಅವನದು. ಪರದೆಯ ಮೇಲೆ ಕಾಣುವುದೆಲ್ಲ ನನ್ನದು: ಭಾಷೆ ಆರಿಸುವುದು, ಹೆಸರು ಕೇಳುವುದು, ಕಾಯುವವರಿಗೆ ಬೇಸರವಾಗದಿರಲಿ ಎಂದು ತೋರಿಸುವ ಹತ್ತು ಚಿತ್ರಗಳು.

ಎಂಟು ತಿಂಗಳಿಂದ ಒಂದೇ ದೂರು ಬರುತ್ತಿತ್ತು. ನಡುದಾರಿಯಲ್ಲಿ ನಿಂತುಬಿಡುತ್ತದೆ ಎಂದು. ಒಬ್ಬರಿಗೆ ನೂರಕ್ಕೆ ಹನ್ನೆರಡರಲ್ಲಿ, ಇನ್ನೊಬ್ಬರಿಗೆ ಅರವತ್ತಮೂರರಲ್ಲಿ. ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದು ನೋಡಿದರೆ ಕೊನೆಯ ಸಾಲು ಯಾವಾಗಲೂ ಫೈಲ್ ನಕಲಿನದೇ. ಅಂದರೆ ತಪ್ಪು ಕೈಲೂನನದು. ಅವನು ತನ್ನ ಕೋಡನ್ನು ಮೂರು ಸಲ ಕಿತ್ತು ಕಟ್ಟಿದ. ಹಳೆಯ ಡಿಸ್ಕುಗಳನ್ನು ಗುಜರಿಯಿಂದ ತಂದು ಮನೆ ತುಂಬಿಸಿಕೊಂಡ. ಒಂದು ಸಲವೂ ಅವನ ಕಣ್ಣೆದುರು ಅದು ನಿಲ್ಲಲಿಲ್ಲ. ಕೊನೆಕೊನೆಗೆ ದೂರು ಬರೆದವರಿಗೆಲ್ಲ "ಕ್ಷಮಿಸಿ" ಎಂಬ ಒಂದೇ ಪದದ ಉತ್ತರ ಬರೆಯುತ್ತಿದ್ದ. ಮೊದಲೇ ಮಾತು ಕಡಿಮೆ, ಈಗ ಊಟಕ್ಕೆ ಕರೆದರೂ ತಲೆಯಾಡಿಸುವಷ್ಟೇ. ಈ ಹೊಸ ಆವೃತ್ತಿ ಮುಗಿಸಿ ಈ ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದು ನನಗೊಬ್ಬಳಿಗೇ ಹೇಳಿದ್ದ.

ಹೊಸ ಆವೃತ್ತಿ ಹೊರಬೀಳಬೇಕಾದದ್ದು ಆ ಶನಿವಾರ ಸಂಜೆ ಆರಕ್ಕೆ. ದೊಂಗ್‌ಶಿಯ ಕೇಂದ್ರಕ್ಕೆ ಯಾರೋ ಹನ್ನೆರಡು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು, ಅವಕ್ಕೆ ಶುಯಿಲು ಹಾಕಿಕೊಡುತ್ತೇವೆಂದು ನಾನು ಒಪ್ಪಿಕೊಂಡಿದ್ದೆ. ಅವನನ್ನು ಎಳೆದುಕೊಂಡೇ ಹೋದೆ.

ಅಜ್ಜಿಯರೆಲ್ಲ ಬೆಳಗಿನಿಂದ ಮಾರಾಟಕ್ಕೆ ಕಡಲ ಸಿಂಪಿಯ ಚಿಪ್ಪು ಸುಲಿದು, ಕೈ ತೊಳೆದು ಬಂದು ಕೂತಿದ್ದರು. ನಾವೇ ಹಾಕಿಕೊಡುತ್ತೇವೆ ಎಂದರೆ ಬಾವ್‌ಜು ಆಮಾ ಒಪ್ಪಲಿಲ್ಲ. ಆ ಗುಂಪಿಗೆ ಅವಳೇ ಯಜಮಾನಿ; ಅಜ್ಜಿಯರನ್ನು ನಾವು ಕರೆಯುವುದು ಆಮಾ ಎಂದೇ.

"ನೀವು ಹಾಕ್ಕೊಟ್ಟು ಹೋಗ್ತೀರ, ನಾಳೆ ಕೆಟ್ರೆ ಯಾರನ್ನ ಕರೀಲಿ? ನಾವೇ ಒತ್ತೀವಿ. ಎಲ್ಲಿ ಒತ್ತಬೇಕು ಹೇಳು, ಸಾಕು."

ಪೆನ್‌ಡ್ರೈವ್ ಹಂಚಿದೆ. ಭಾಷೆ ಆರಿಸಿದರು, ಹೆಸರು ಬರೆದರು. ನಕಲು ಶುರುವಾಗಿ ಚಿತ್ರಗಳು ಬರತೊಡಗಿದವು. ಕೈಲೂನ್ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ನಾನು ಚಹಾ ಬಗ್ಗಿಸುತ್ತಿದ್ದೆ.

ಅರ್ಧ ಗಂಟೆಯಾಗಿರಬೇಕು, ಬಾವ್‌ಜು ಆಮಾ ಕೂಗಿದಳು. "ಏ ಹುಡುಗಿ, ನಂದು ಹೋಗ್ತಾ ಇಲ್ಲ ಕಣೇ."

ಹೋಗಿ ನೋಡಿದೆ. ಇಪ್ಪತ್ತೆರಡರಲ್ಲಿ ನಿಂತಿತ್ತು. ಪಕ್ಕದ ಯೂಲಾನ್ ಆಮಾಳದು ಇಪ್ಪತ್ತೊಂದು. ಅದರಾಚೆಯದು ಇಪ್ಪತ್ತಾರು. ಸಾಲಿನ ಉದ್ದಕ್ಕೂ ನೋಡುತ್ತ ಹೋದರೆ ಹನ್ನೊಂದು ನಿಂತಿದ್ದವು. "ಕೈಲೂನ್, ಒಳಗೆ ಬಾ, ಬೇಗ ಬಾ" ಎಂದೆ.

ಅವನು ಬಂದು ಒಂದು ಪರದೆ ನೋಡಿದ, ಇನ್ನೊಂದು ನೋಡಿದ. ಸಾಲಿನ ಕೊನೆಯವರೆಗೂ ನಡೆದ. ಅಲ್ಲಿಂದ ತಿರುಗಿದವನೇ ಎರಡೂ ಕೈ ಮೇಲೆತ್ತಿ ಕುಣಿಯತೊಡಗಿದ. ಚಪ್ಪಲಿಯೊಂದು ಹಾರಿ ಕಿಟಕಿಗೆ ಬಡಿಯಿತು.

"ವೆನ್‌ಚಿ, ನಿಂತಿದೆ ಕಣೇ, ಹನ್ನೊಂದೂ ನಿಂತಿದೆ. ನನ್ನ ಕಣ್ಣೆದುರಿಗೇ ನಿಂತಿದೆ!"

"ನಾವೇನೋ ಕೆಡಿಸಿಬಿಟ್ವಿ ಅಂತ ಕಾಣತ್ತೆ. ತಲೆ ಕೆಟ್ಟುಹೋಯ್ತು ಪಾಪ, ಈ ಹುಡುಗನಿಗೆ" ಎಂದಳು ಯೂಲಾನ್ ಆಮಾ.

"ಇಲ್ಲ ಆಮಾ, ನೀವು ದೇವರು" ಎಂದು ಅವಳ ಕೈ ಹಿಡಿದುಕೊಂಡ. ಸಿಂಪಿ ಸುಲಿದು ಕಲ್ಲಿನಂತಾದ ಬೆರಳುಗಳನ್ನು ಒಂದೊಂದಾಗಿ ನೋಡಿದ. "ಏನ್ ಮಾಡಿದ್ರಿ? ಬೈಯೋದಿಲ್ಲ, ಹೇಳಿ."

ನಿಲ್ಲದ ಒಂದೇ ಕಂಪ್ಯೂಟರ್ ಚುನ್ ಆಮಾಳದು. ಅದು ಎಂಬತ್ತು ದಾಟಿ ಹೋಗುತ್ತಿತ್ತು, ಅವಳು ಗಲ್ಲವನ್ನು ಎದೆಗಿಟ್ಟು ಗಾಢ ನಿದ್ದೆಯಲ್ಲಿದ್ದಳು. ಕೈಲೂನ್ ಅವಳನ್ನೇ ನೋಡುತ್ತ ನಿಂತ.

"ಇವರು ಏನೂ ಒತ್ತಲಿಲ್ಲ. ಬಾಕಿ ಎಲ್ಲಾರೂ ಏನೋ ಒತ್ತಿದೀರಿ. ಯಾವುದದು?"

ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬಾವ್‌ಜು ಆಮಾ ನಕ್ಕಳು. "ಮೊದಲನೇ ಚಿತ್ರದಲ್ಲಿ ಕಡವೆ ಇತ್ತಲ್ಲ. ಥೇಟ್ ಇವಳ ಗಂಡನ ಹಾಗೇ ಬಾಯಿ ಬಿಟ್ಕೊಂಡು ನೋಡ್ತಿತ್ತು. ಇನ್ನೊಂದ್ಸಲ ನೋಡಣ ಅಂತ ಹಿಂದಕ್ಕೆ ಹೋಗೋ ಬಾಣ ಒತ್ಕೊಂಡು ಬಂದ್ವಿ."

"ನನ್ನ ಗಂಡ ನಿನ್ನ ಗಂಡನಿಗಿಂತ ಲಕ್ಷಣವಾಗಿದ್ದ, ಸುಮ್ನಿರು" ಎಂದಳು ಯೂಲಾನ್ ಆಮಾ. "ತಾಯಿ ಇದ್ದ ಮೇಲೆ ಮರಿ ಇರಲೇಬೇಕು ಅಂದೆ ನಾನು. ಅದರ ಹಿಂದಿನ ಚಿತ್ರದಲ್ಲಿರಬಹುದು ಅಂತ ಇನ್ನೊಂದು ಸಲ ಒತ್ತಿದೆ. ನೋಡ್ಕೊಂಡು ಎಲ್ಲಾರೂ ಒತ್ತಿದ್ರು."

ಮೊದಲನೆಯ ಚಿತ್ರದ ಹಿಂದೆ ಏನೂ ಇಲ್ಲ. ಆದರೆ ಅಲ್ಲಿಂದ ಹಿಂದಕ್ಕೆ ಒತ್ತಿದರೆ ಏನಾಗಬೇಕೆಂದು ನಾನು ಬರೆದೇ ಇರಲಿಲ್ಲ. ಇಲ್ಲದ ಚಿತ್ರವನ್ನು ಇನ್‌ಸ್ಟಾಲರ್ ಹುಡುಕುತ್ತ ಕೂರುತ್ತಿತ್ತು, ಅದು ಮುಗಿಯಲೆಂದು ಫೈಲ್ ನಕಲೂ ಕಾಯುತ್ತ ನಿಲ್ಲುತ್ತಿತ್ತು. ನಾವಿಬ್ಬರೂ ಸಾವಿರ ಸಲ ಪರೀಕ್ಷೆ ಮಾಡಿದವರು, ಆ ಚಿತ್ರಗಳನ್ನು ಒಂದು ಸಲವೂ ಕೂತು ನೋಡಿದವರಲ್ಲ.

"ಕೈಲೂನ್," ಎಂದೆ, "ಅದು ನಿಂದಲ್ಲ, ನಂದು."

ಅವನು ನನ್ನನ್ನು ನೋಡಿದ. ಬೈದರೆ ಬೈಸಿಕೊಳ್ಳೋಣ ಎಂದು ನಿಂತಿದ್ದೆ.

"ಎಂಟು ತಿಂಗಳು," ಎಂದ ಮೆಲ್ಲಗೆ. "ಎಂಟು ತಿಂಗಳು ನನ್ನ ಕೋಡಿನ ಹೊಟ್ಟೆ ಬಗೆದೆ ಮಾರಾಯ್ತಿ. ಮನೇಲಿ ಮಲಗೋಕೆ ಜಾಗ ಇಲ್ಲ, ಬರೀ ಡಿಸ್ಕು. ಅದು ನಿನ್ನ ಕಡವೇನಾ?"

ಅಷ್ಟು ಹೇಳಿ ನಗಲು ಶುರುಮಾಡಿದ. ನಿಂತು ನಗಲಾರದೆ ನೆಲದ ಮೇಲೆ ಕೂತ. ಅವನನ್ನು ನೋಡಿ ನನಗೂ ತಡೆಯಲಾಗಲಿಲ್ಲ, ನಗುವಿನ ನಡುವೆ ಎಲ್ಲೋ ಕಣ್ಣೀರೂ ಬಂತು. ನಮ್ಮಿಬ್ಬರನ್ನು ನೋಡಿ ಅಜ್ಜಿಯರು ನಕ್ಕರು. ಗದ್ದಲಕ್ಕೆ ಎಚ್ಚರಾದ ಚುನ್ ಆಮಾ, "ಮುಗೀತಾ? ನಂದು ಮುಗಿದಿದೆ ನೋಡಿ" ಎಂದಳು.

ತಿದ್ದಿದ್ದು ನನ್ನ ಕೋಡಿನ ಎರಡು ಸಾಲು. ಆದರೆ ಎಲ್ಲವನ್ನೂ ಮತ್ತೆ ಕಟ್ಟಿ, ಪೆನ್‌ಡ್ರೈವುಗಳಿಗೆ ತುಂಬುವಷ್ಟರಲ್ಲಿ ನಾಲ್ಕೂವರೆ. ಎರಡನೆಯ ಸಲ ಕೈಲೂನ್ ಹೊರಗೆ ಹೋಗಲಿಲ್ಲ. ಸಾಲಿನ ಹಿಂದೆ ಓಡಾಡುತ್ತ, "ಒತ್ತಿ ಆಮಾ, ಹಿಂದಕ್ಕೆ ಒತ್ತಿ, ಇನ್ನೂ ಜೋರಾಗಿ" ಎಂದು ಹುರಿದುಂಬಿಸುತ್ತಿದ್ದ. ಅವರು ಒತ್ತಿದರು. ಹನ್ನೊಂದು ಬೆರಳುಗಳು ಕಡವೆಯ ಮೇಲೆ ಮುಗಿಬಿದ್ದವು. ಅದು ಬಾಯಿ ಬಿಟ್ಟುಕೊಂಡು ಅಲ್ಲೇ ನಿಂತಿತು, ಕೆಳಗೆ ಅಂಕಿ ಮಾತ್ರ ಏರುತ್ತ ಹೋಯಿತು. ಐದೂಕಾಲಿಗೆ ಮೊದಲನೆಯ ಕಂಪ್ಯೂಟರ್ ಟಿಣ್ ಎಂದಿತು. ಹನ್ನೊಂದನೆಯದು ಟಿಣ್ ಎನ್ನುವಾಗ ಎಲ್ಲರೂ ಎದ್ದು ನಿಂತಿದ್ದೆವು.

ಬಾವ್‌ಜು ಆಮಾ ಹೊರಗಿನ ಅಂಗಡಿಯಿಂದ ಬಿಸಿ ಬಿಸಿ ಸಿಂಪಿ ಬೋಂಡಾ ತರಿಸಿದಳು. ಕೈಲೂನ್ ಒಂದನ್ನು ಬಾಯಿಗಿಟ್ಟು, ನಾಲಿಗೆ ಸುಟ್ಟುಕೊಂಡು, ಇನ್ನೊಂದಕ್ಕೆ ಕೈಚಾಚಿದ.

"ನಿಧಾನ ತಿನ್ನು, ಯಾರೂ ಕಿತ್ಕೊಳಲ್ಲ" ಎಂದು ಅವಳು ಗದರಿದಳು. "ಮುಂದಿನದಕ್ಕೂ ನಮ್ಮನ್ನೇ ಕರಿ. ಕೆಡಿಸೋದು ನಮಗೆ ಚೆನ್ನಾಗಿ ಬರತ್ತೆ."

"ಮುಂದಿನದು ಏಪ್ರಿಲ್‌ನಲ್ಲಿ," ಎಂದ ಅವನು ಬೋಂಡಾ ತುಂಬಿದ ಬಾಯಲ್ಲಿ. "ನಾನೇ ತಗೊಂಡ್ ಬರ್ತೀನಿ ಆಮಾ."

ನಾನು ಎಣ್ಣೆ ಕೈಯನ್ನು ಅಂಗಿಗೆ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದು, ಪರೀಕ್ಷಕರ ಪಟ್ಟಿಯಲ್ಲಿ ಹನ್ನೆರಡು ಹೆಸರು ಬರೆದೆ. ಯೂಲಾನ್ ಆಮಾ ಹಿಂದೆ ನಿಂತು ತನ್ನ ಹೆಸರಿನ ಅಕ್ಷರ ತಪ್ಪಾಗಿದೆ ಎಂದು ತಿದ್ದಿಸಿದಳು. ಆರು ಗಂಟೆಗೆ ಇನ್ನೂ ಮೂರು ನಿಮಿಷವಿತ್ತು. ಕಾಯಲು ಯಾರಿಗೂ ಮನಸ್ಸಿರಲಿಲ್ಲ, ಹೊಸ ಆವೃತ್ತಿಯನ್ನು ಹೊರಗೆ ಬಿಟ್ಟೇಬಿಟ್ಟೆವು.