ಗುಬ್ಬಿಯ ಪ್ರಶ್ನೆ

ಆ ಬೆಳಿಗ್ಗೆ ಬಚ್ಚಲಿಗೆ ಸರದಿ ಕಾಯಬೇಕಾಗಿರಲಿಲ್ಲ. ಅವಳು ಅರ್ಧ ಗಂಟೆ ಮೊದಲೇ ಶಾಲೆಗೆ ಸಿದ್ಧಳಾಗಿ, ಚೀಲ ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಹೊರಟಿದ್ದರು.

"ಇನ್ನೊಂದು ವಾರ ರಜೆ ಹಾಕಿದ್ರೆ ಶಾಲೆಯೇನು ಮುಳುಗಿಹೋಗ್ತಿತ್ತಾ?" ಎಂದರು ಅತ್ತೆ.

"ಇಲ್ಲಿ ಕೂತು ಏನ್ ಮಾಡ್ಲಿ ಅತ್ತೆ?"

"ಅದೂ ಸರಿ. ನಿನ್ನ ಮುಖ ನಾನು, ನನ್ನ ಮುಖ ನೀನು ನೋಡ್ಕೊಂಡು."

ಶಾಲೆಯಲ್ಲಿ ಅವಳಿಗೆ ಕೊಟ್ಟಿದ್ದು ಆಟದ ಸಾಮಾನಿನ ಕೋಣೆ. ಬಲೆ, ಬ್ಯಾಟುಗಳ ನಡುವೆ ಒಂದು ಮೇಜು, ಎರಡು ಪುಟ್ಟ ಕುರ್ಚಿ, ಒಂದು ಕನ್ನಡಿ. ಮಾತು ತೊಡರುವ ಮಕ್ಕಳು ಒಬ್ಬೊಬ್ಬರಾಗಿ ಅಲ್ಲಿಗೆ ಬರುತ್ತಿದ್ದರು. ಅವರ ಬಾಯಲ್ಲಿ ಅವಳು 'ಮಾತಿನ ಮಿಸ್'. ಕೆಲಸದ ಬಹುಪಾಲು ಸುಮ್ಮನಿರುವುದು. ಮಗು ಎಷ್ಟೇ ತಡವರಿಸಲಿ, ನಡುವೆ ಬಾಯಿ ಹಾಕಬಾರದು.

ಮೊದಲು ಬಂದವಳು ಎಂಟು ವರ್ಷದ ಗುಬ್ಬಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. ಐದು ತಿಂಗಳಲ್ಲಿ ತಾನಾಗಿ ಒಂದೂ ಪ್ರಶ್ನೆ ಕೇಳಿರಲಿಲ್ಲ. ಮಿಸ್ ಕಾಯುತ್ತಿದ್ದುದು ಅದೊಂದಕ್ಕೇ.

ಆವತ್ತು ಗುಬ್ಬಿ ಕೂತವಳೇ ಬಾಯಿ ತೆರೆದಳು.

"ಮಿಸ್, ನಿಮ್ಮ ಸ್ಕೂಟರ್ ಅಂಕಲ್... ಸ... ಸ... ಸ..."

ಕುತ್ತಿಗೆಯ ನರ ಉಬ್ಬಿತು. ಕಣ್ಣುಗಳು ಬಿಗಿಯಾಗಿ ಮುಚ್ಚಿಕೊಂಡವು. ದಿನಾ ಗೇಟಿನವರೆಗೆ ತನ್ನನ್ನು ಸ್ಕೂಟರಿನಲ್ಲಿ ಬಿಡುತ್ತಿದ್ದ ಗಂಡನ ಬಗ್ಗೆ ಬರಲಿರುವ ಪದ ಯಾವುದೆಂದು ಮಿಸ್‌ಗೆ ಗೊತ್ತಿತ್ತು.

"ಸರಿ ಬಿಡು. ಪುಸ್ತಕ ತೆಗಿ," ಎಂದುಬಿಟ್ಟಳು.

ಗುಬ್ಬಿ ಪುಸ್ತಕ ತೆಗೆದಳು. ಗಂಟೆ ಹೊಡೆಯುವವರೆಗೂ ತುಟಿಪಿಟಕ್ಕೆನ್ನಲಿಲ್ಲ. ಮರುದಿನವೂ ಅಷ್ಟೇ. ಅದರ ಮರುದಿನ ಬರಲೇ ಇಲ್ಲ.

"ಹೊಟ್ಟೆನೋವಂತೆ," ಎಂದಳು ಆಯಾ. "ಮೈದಾನದಲ್ಲಿ ಕುಣೀತಾ ಇದ್ದಾಳೆ. ಯಾವ ಹೊಟ್ಟೆಯೋ!"

ಭಾನುವಾರ ಅತ್ತೆ ಮಗನ ಅಂಗಿಗಳನ್ನು ಮಡಿಸುವಾಗ ಒಂದು ಜೇಬಿನಿಂದ ಕೆಂಪು ಪೆನ್ಸಿಲ್ ಬಿತ್ತು.

"ಇದ್ಯಾರದ್ದೇ?"

"ನನ್ನ ಹತ್ರ ಬರೋ ಹುಡುಗೀದು. ಗೇಟಲ್ಲಿ ಯಾರದೋ ನಂಬರ್ ಬರ್ಕೊಳ್ಳೋಕೆ ಇಸ್ಕೊಂಡಿದ್ರು. ನಾಳೆ ಕೊಡ್ತೀನಿ ಮರಿ ಅಂದಿದ್ರು."

"ಅವನ ನಾಳೆ ಗೊತ್ತಿಲ್ವಾ ನಂಗೆ," ಎಂದ ಅತ್ತೆ ಅಂಗಿಯನ್ನು ಮತ್ತೆ ಬಿಡಿಸಿ, ಮೊದಲಿನಿಂದ ಮಡಿಸತೊಡಗಿದರು.

ಸೋಮವಾರ ಮಿಸ್ ತಾನೇ ಮೈದಾನಕ್ಕೆ ಹೋದಳು.

"ತಗೋ. ಅಂಕಲ್ ಇಸ್ಕೊಂಡಿದ್ದು."

ಗುಬ್ಬಿ ಪೆನ್ಸಿಲನ್ನು ತನ್ನ ಬೆರಳಿಗೆ ಹಿಡಿದು ಅಳೆದಳು.

"ಚಿ... ಚಿಕ್ಕದಾಗಿದೆ."

"ಹೂಂ. ಆಮೇಲೂ ಬರೆದಿದ್ದಾರೆ ಅನ್ಸುತ್ತೆ."

ಗುಬ್ಬಿ ಮಿಸ್‌ನ ಮುಖ ನೋಡಿದಳು. "ಅಂಕಲ್ ಸ... ಸ..."

ಗಂಟೆ ಹೊಡೆಯಿತು. ಮಕ್ಕಳು ಸಾಲು ಕಟ್ಟಿದರು, ಒಳಗೆ ಹೋದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಮಿಸ್ ಮುಖ ತಿರುಗಿಸಲಿಲ್ಲ.

"...ಸತ್ತೋದ್ರಾ?"

"ಹೌದು. ಸತ್ತೋದ್ರು."

ಗುಬ್ಬಿ ತಲೆಯಾಡಿಸಿದಳು. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ತರಗತಿಯ ಕಡೆ ನಡೆದಳು. ಎರಡು ಹೆಜ್ಜೆಗೆ ಅದು ಜಾರಿ ಬಿತ್ತು. ಎತ್ತಿ, ಮಣ್ಣು ಒರೆಸಿ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡಳು.