ಹೆರಿಗೆಯ ಇಟ್ಟಿಗೆ

ನೆರೆ ಇಳಿದು ಇಟ್ಟಿಗೆ ಅಚ್ಚಿನ ತಿಂಗಳು ಹುಟ್ಟಿತ್ತು. ಬಿಸಿಲು ಇನ್ನೂ ಖರ್ಜೂರದ ಮರಗಳ ತಲೆಯ ಮೇಲಷ್ಟೇ ಬಿದ್ದಿದ್ದ ಹೊತ್ತು. ಅದಾಬ್ ಊರಿನ ಕಾಲುವೆ ದಂಡೆಯಲ್ಲಿ ಮುದುಕಿ ಅಮಬರ ಎರಡೇ ಎರಡು ಇಟ್ಟಿಗೆ ಹೊಯ್ದು, ಅಚ್ಚನ್ನು ಮೆಲ್ಲಗೆ ಎತ್ತಿ, ಮೇಲೆ ಜೊಂಡಿನ ಚಾಪೆ ಮುಚ್ಚಿದಳು.

ಅವು ಗುಡಿಗಲ್ಲ, ಗೋಡೆಗೂ ಅಲ್ಲ. ಸೊಸೆ ನಿನ್‌ಕಲಳಿಗೆ ದಿನ ತುಂಬಿತ್ತು. ಹೆಂಗಸರು ಹೆರುವುದು ಎರಡು ಇಟ್ಟಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು. ಯಾರ ಇಟ್ಟಿಗೆಯ ಮೇಲೆ ಮಗು ಬೀಳುತ್ತದೋ ಅವರೇ ಅದರ ಹಣೆಬರಹ ಬರೆಯುವವರು. ಇಷ್ಟು ಕಾಲವೂ ಬರೆದವಳು ತಾಯಿ ನಿನ್‌ಮಹ್, ಮನುಷ್ಯರನ್ನು ಜೇಡಿಮಣ್ಣಿನಲ್ಲಿ ಮಾಡಿದವಳು. ಅದಕ್ಕೇ ಹೆರಿಗೆಯ ಇಟ್ಟಿಗೆ ಬೇರೆ ಯಾರ ಗುರುತೂ ಇಲ್ಲದೆ ಬೋಳಾಗಿರಬೇಕು.

ಈಗ ಬೋಳು ಇಟ್ಟಿಗೆ ಹೊಯ್ಯುವ ಹಾಗಿರಲಿಲ್ಲ. ಬಡಗಣ ಅಕ್ಕಾದಿನ ದೊರೆ ಊರು ಗೆದ್ದ ಮೇಲೆ ಪ್ರತಿ ಇಟ್ಟಿಗೆಗೂ ಅವನ ಹೆಸರಿನ ಮುದ್ರೆ ಬೀಳಬೇಕಿತ್ತು. ಆ ಹೆಸರಿನ ಮುಂದೆ ಒಂದು ಚುಕ್ಕಿ, ಆಕಾಶದ ನಕ್ಷತ್ರದಂಥ ಗುರುತು. ಚುಕ್ಕಿ ಇಡುವುದು ದೇವರ ಹೆಸರಿಗೆ ಮಾತ್ರ. ಆ ದೊರೆಯ ಜನವೇ ಚಳಿಗಾಲದಲ್ಲಿ ಅಮಬರಳ ಮಗನನ್ನು ಬೆಟ್ಟದ ಯುದ್ಧಕ್ಕೆ ಹಿಡಿದುಕೊಂಡು ಹೋಗಿದ್ದರು. ಆಮೇಲೆ ಸುದ್ದಿಯಿಲ್ಲ.

"ಅವ್ವಾ, ಚಾಪೆ ಅಡೀಲಿ ಏನ್ ಮಲಗ್ಸಿದೀಯಾ? ಹೊಸ ಗಂಡನ್ನಾ?" ಎಂದ ಉರ್ಗುಲ, ಮಂಡಿಯುದ್ದ ಕೆಸರಿಗೆ ಹುಲ್ಲು ಬೆರೆಸಿ ತುಳಿಯುತ್ತ. ಅವಳ ಗಂಡನಿದ್ದ ಕಾಲದಿಂದಲೂ ಅವನು ಅಲ್ಲೇ ಮಣ್ಣು ತುಳಿಯುವವನು.

"ನಿನ್ನಂಥ ಗಂಡ ಆಗಿದ್ರೆ ಮುಖಕ್ಕೂ ಚಾಪೆ ಮುಚ್ತಿದ್ದೆ. ಸುಮ್ನೆ ತುಳಿಯೋ."

ಇಟ್ಟಿಗೆ ಇನ್ನೂ ಅರೆಬರೆ ಒಣಗಿತ್ತು, ಅಷ್ಟರಲ್ಲೇ ಒಂದು ದಿನ ದೊರೆಯ ಮೇಸ್ತ್ರಿ ಪುಜುರ್ ಬಂದ. ಕಾಲಿನಿಂದಲೇ ಚಾಪೆ ಸರಿಸಿದ.

"ಇದರ ಮೇಲೆ ಮುದ್ರೆ ಎಲ್ಲಿ?"

"ಅದು ಹೆರಿಗೇದು ಯಜಮಾನ್ರೆ. ಗೋಡೆಗೆ ಹೋಗಲ್ಲ."

"ಈ ಗುಂಡಿ ಮಣ್ಣೆಲ್ಲಾ ದೊರೇದು. ಹೆರಿಗೆಗಾದ್ರೆ ಇನ್ನೂ ಒಳ್ಳೇದಲ್ವೇನಮ್ಮಾ? ಮಗು ದೇವರ ಹೆಸರಿನ ಮೇಲೇ ಬೀಳುತ್ತೆ."

"ಯಾವ ದೇವರು?"

ಪುಜುರ್ ಎರಡೂ ಇಟ್ಟಿಗೆಯನ್ನು ಹಿಮ್ಮಡಿಯಲ್ಲಿ ಮೆಟ್ಟಿ ಪುಡಿ ಮಾಡಿದ. "ಬೇರೆ ಹೊಯ್ಯಿ. ನನ್ನ ಕಣ್ಣೆದುರಿಗೇ."

ಅಮಬರ ಹೊಯ್ದಳು. ಅವನು ಕೊಟ್ಟ ಮುದ್ರೆಯನ್ನೂ ಒತ್ತಿದಳು. ಆಮೇಲೆ ಹೆಬ್ಬೆರಳನ್ನು ನೀರಿಗೆ ಅದ್ದಿ, ಒರಟು ಗೋಡೆ ಸವರಿದಷ್ಟು ಸಾವಧಾನವಾಗಿ ಚುಕ್ಕಿಯೊಂದನ್ನೇ ಒರೆಸಿ ಹಾಕಿದಳು.

"ಏಯ್! ಏನ್ ಮಾಡ್ದೆ ನೀನು?"

"ಮಿಕ್ಕ ಗೀಚೆಲ್ಲ ನಂಗೆ ತಿಳಿಯಾಕಿಲ್ಲ. ಇದೊಂದು ತಿಳೀತೈತೆ, ತಾಯಿ ಬಾಗಿಲ ಮ್ಯಾಲೆ ಇರೋದು. ದೊರೆ ಹೆಸರು ದೊರೆಗೇ ಇರ್ಲಿ. ಚುಕ್ಕಿ ತಾಯೀದು, ವಾಪಸ್ ತಗೊಂಡೆ."

"ಕೈ ಕತ್ತರಿಸ್ತಾರೆ ಮುದುಕಿ!"

"ಕತ್ತರಿಸ್ಲಿ. ಇನ್ನೊಂದು ಕೈ ಐತೆ."

"ಅದೂ ಹೋದ್ರೆ ನನ್ನ ಹಿಮ್ಮಡಿ ಐತೆ, ಒರೆಸೋಕೆ," ಎಂದ ಉರ್ಗುಲ. ತುಳಿಯುವವರೆಲ್ಲ ಕಾಲು ನಿಲ್ಲಿಸಿದ್ದರು.

"ದೊರೇನೂ ಮಣ್ಣೇ ಕಣಪ್ಪಾ," ಎಂದಳು ಅಮಬರ, ದನಿ ಏರಿಸದೆ. "ತಾಯಿ ನನ್ನಂಗೇ ಕೈ ಕೆಸರು ಮಾಡ್ಕೊಂಡು ಮಾಡಿದ್ದು ಅವನ್ನ. ಮಣ್ಣಿಗ್ಯಾಕೆ ಚುಕ್ಕಿ?"

ಪುಜುರ್ ಮತ್ತೆ ಮುದ್ರೆ ಒತ್ತಿಸಿದ. ಅವಳು ಮತ್ತೆ ಒರೆಸಿದಳು. ಅಷ್ಟರಲ್ಲಿ ಜೊಂಡಿನ ಗುಡಿಸಲಿನಿಂದ ನಿನ್‌ಕಲ ಕೂಗಿದಳು. ನೋವು ಶುರುವಾಗಿತ್ತು.

ಹೊಸ ಇಟ್ಟಿಗೆಗಳು ಬರೀ ಹಸಿ, ಕಾಲಿಟ್ಟರೆ ಕುಸಿಯುವಂಥವು. ಪಕ್ಕದಲ್ಲೇ ಮುದ್ರೆ ಬಿದ್ದು ಒಣಗಿದ ಇಟ್ಟಿಗೆಗಳ ರಾಶಿ ಆಳೆತ್ತರಕ್ಕಿತ್ತು.

"ಬೇಕಾದಷ್ಟಿದೆ, ತಗೋ," ಎಂದ ಪುಜುರ್, ಮೀಸೆಯಡಿಯಲ್ಲಿ ನಗುತ್ತ. "ನಾನೇನೂ ಬೇಡ ಅನ್ನಲ್ಲ."

ಇಟ್ಟಿಗೆಯಿಲ್ಲದೆ ಹೆರಲು ಹೋಗಿ ಉಳಿಯದ ಹೆಂಗಸರನ್ನು ಅಮಬರ ಕಂಡಿದ್ದಳು. ಅಲ್ಲಿಯವರೆಗೆ ಕಲ್ಲಿನ ಹಾಗಿದ್ದ ಜೀವ ನೀರಾಯಿತು. ರಾಶಿಯಿಂದ ಎರಡು ಇಟ್ಟಿಗೆ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಗುಡಿಸಲಿಗೆ ನಡೆದಳು.

ನಿನ್‌ಕಲ ಕಂಬ ತಬ್ಬಿ ನಿಂತಿದ್ದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡದ ಹುಡುಗಿ.

"ಏನತ್ತೆ ಅದು?"

"ಇಟ್ಟಿಗೆ ಕಣೇ. ಮಗುಚಿ ಇಡ್ತೀನಿ. ಚುಕ್ಕಿ ಕಾಣಾಕಿಲ್ಲ."

"ಕಾಣ್ದಿದ್ರೆ ಇಲ್ಲ ಅಂತಾನಾ?" ನೋವು ಬಂದು ಹೋಗುವವರೆಗೆ ಹಲ್ಲು ಕಚ್ಚಿದಳು. "ನಿಮ್ಮ ಮಗನ್ನ ಎಳ್ಕೊಂಡು ಹೋದೋನ ಹೆಸರಿನ ಮ್ಯಾಲೆ ನಾ ಕೂರಲ್ಲ. ಆಚೆ ಎಸೀರಿ."

"ಸಾಯ್ತೀಯ ಕಣೇ!"

"ಕೆಸರಿನ ಹತ್ರ ಕರ್ಕೊಂಡು ಹೋಗ್ರತ್ತೆ. ಅದ್ಕಿನ್ನೂ ಯಾರೂ ಮುದ್ರೆ ಒತ್ತಿಲ್ಲ."

ಅಮಬರಳ ಕೈಯಿಂದ ಇಟ್ಟಿಗೆ ಜಾರಿತು. ಸೊಸೆಯನ್ನು ತಬ್ಬಿಕೊಂಡೇ ಹೊರಗೆ ತಂದಳು. ಗಂಡಸರು ಬೆನ್ನು ತಿರುಗಿಸಿದರು. ಹೆಂಗಸರು ಚಾಪೆ ಹಿಡಿದು ಮರೆಮಾಡಿದರು. ಇಟ್ಟಿಗೆ ಕೊಡಬೇಕಾದ ಎತ್ತರವನ್ನು ಅಮಬರ ತನ್ನ ತೋಳಿನಲ್ಲಿ ಕೊಟ್ಟಳು. ಹಿಂದಿನಿಂದ ಕಂಕುಳಿಗೆ ಕೈ ಹಾಕಿ, ಸೊಂಟ ಮುರಿದರೂ ಸರಿ ಎಂದು, ಬಿಸಿಲು ನೆತ್ತಿಗೆ ಬರುವವರೆಗೂ ಎತ್ತಿ ಹಿಡಿದಳು. ಮಗು ಆಗತಾನೆ ತುಳಿದು ಹದ ಮಾಡಿದ ಮಣ್ಣಿಗೆ ಬಿತ್ತು, ಬಿದ್ದದ್ದೇ ಕಿರುಚಿತು.

"ಏನು?" ಉರ್ಗುಲ ಬೆನ್ನು ತಿರುಗಿಸಿಕೊಂಡೇ ಕೇಳಿದ.

"ಹೆಣ್ಣು."

"ಮಣ್ಣಿಗೆ ಹುಲ್ಲು ಸಾಕಾಗಿತ್ತಾ ನೋಡು."

ಚಾಪೆ ಹಿಡಿದವರು ಅಳುತ್ತಲೇ ನಕ್ಕರು. ಪುಜುರ್‌ಗೆ ಮಾತ್ರ ನಗು ಬರಲಿಲ್ಲ. "ಈಗ ಇದರ ಹಣೇಲಿ ಯಾರು ಬರೀತಾರೆ?" ಎಂದು ಗದರಿದ.

"ಅದೇ ಬರ್ಕೊಳ್ತದೆ," ಎಂದಳು ನಿನ್‌ಕಲ ಚಾಪೆಯಾಚೆಯಿಂದ.

ಚುಕ್ಕಿ ಅಳಿಸಿದ ಸಂಗತಿಯನ್ನು ಪುಜುರ್ ಮೇಲಿನವರಿಗೆ ಹೇಳಲಿಲ್ಲ. ಹೇಳಿದರೆ, ನಿನ್ನ ಕಣ್ಣೆದುರಿಗೇ ಹೇಗೆ ಅಳಿಸಿದಳು ಎಂದು ಮೊದಲು ಅವನನ್ನೇ ಹಿಡಿಯುತ್ತಿದ್ದರು. ಇನ್ನು ಈ ಗುಂಡಿಯಲ್ಲಿ ನಿನಗೆ ಮಣ್ಣಿಲ್ಲ ಎಂದಷ್ಟೇ ಅಂದ. ಅಮಬರ ಕೈಮುಗಿಯಲಿಲ್ಲ, ಬೇಡಲೂ ಇಲ್ಲ. ಬಾಣಂತಿ ಎದ್ದು ನಡೆಯುವಂತಾಗುವವರೆಗೆ ಕಾದಳು.

ಹೊಸ ಚಂದ್ರ ಕಂಡ ಮರುದಿನ ಬೆಳಿಗ್ಗೆ ಅತ್ತೆ, ಸೊಸೆ, ಮಗು ಜೊಂಡಿನ ದೋಣಿ ಹತ್ತಿ ದೊರೆಯ ಮುದ್ರೆ ಇನ್ನೂ ಮುಟ್ಟದ ತೆಂಕಣ ಜೌಗಿನ ಕಡೆಗೆ ಹೊರಟರು. ಹುಟ್ಟು ಹಾಕುತ್ತಿದ್ದವನು ಉರ್ಗುಲ.