ಸೂಜಿಕಣ್ಣು ತಪ್ಪಿದ ದಿನ

ತಂಗಿಯ ರಕ್ತದ ಸಕ್ಕರೆ ಅಳೆಯಲು ಹೊಲಿಗೆ ಅಂಗಡಿಯ ಅಕ್ಕನಿಗೆ ಯಂತ್ರ ಬೇಕಿರಲಿಲ್ಲ. "ಏ, ಈ ದಾರ ಪೋಣಿಸು ನೋಡೋಣ" ಎನ್ನುವಳು. ದಾರ ಸೂಜಿಯ ಕಣ್ಣು ತಪ್ಪಿತೋ, ಸಕ್ಕರೆ ಇಳಿದಿದೆ ಎಂದೇ ಲೆಕ್ಕ. ಅಳತೆ ಟೇಪಿನ ಜೊತೆ ಜೇಬಿನಲ್ಲಿರುತ್ತಿದ್ದ ಸಕ್ಕರೆ ಪೊಟ್ಟಣವನ್ನು ತಂಗಿಯ ಬಾಯಿಗೆ ಸುರಿಯುತ್ತಿದ್ದಳು. ಚಿಕ್ಕಂದಿನಿಂದ ಇದೇ ಪಾಡು: ಊಟಕ್ಕೊಂದು ಇನ್ಸುಲಿನ್ ಚುಚ್ಚುಮದ್ದು, ಅದು ಹೆಚ್ಚಾದರೆ ಸಕ್ಕರೆ. ಈಚೆಗಂತೂ ಹುಡುಗಿ ಹೊಲಿಗೆ ಯಂತ್ರದ ಮೇಲೆಯೇ ಕುಸಿಯುತ್ತಿದ್ದಳು.

ಅದಕ್ಕೇ ಆಸ್ಪತ್ರೆಯವರ ಹೊಸ ಪ್ರಯೋಗಕ್ಕೆ ಇಬ್ಬರೂ ಒಪ್ಪಿದ್ದು. ತೀರಿಕೊಂಡ ಯಾರದೋ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತಯಾರಿಸುವ ಜೀವಕಣಗಳನ್ನಷ್ಟೇ ಬಿಡಿಸಿ, ಹೊಟ್ಟೆಯಲ್ಲಿ ಸಣ್ಣದಾಗಿ ಕೊಯ್ದು ತಂಗಿಯ ಲಿವರಿಗೆ ಹರಿಸಿದ್ದರು. ಆಪರೇಷನ್ ಮಾಡುವ ಡಾಕ್ಟರಮ್ಮ ಆ ಕಣಗಳ ಚೀಲ ತೋರಿಸಿದಾಗ ಅಕ್ಕ, "ಇಷ್ಟೇನಾ? ನನ್ನ ಗುಂಡಿ ಡಬ್ಬೀಲಿ ಇದಕ್ಕಿಂತ ಜಾಸ್ತಿ ಧೂಳಿರತ್ತೆ" ಎಂದುಬಿಟ್ಟಿದ್ದಳು.

"ಒಂದು ಚಮಚ ಇದ್ರೆ ಹೆಚ್ಚು. ಬದುಕಿಕೊಂಡ್ರೆ ಸಾಕಮ್ಮ" ಎಂದಿದ್ದರು ಅವರು.

ಅವು ಬದುಕಿವೆಯೇ ಎಂದು ಆಸ್ಪತ್ರೆಯಲ್ಲಿ ನೋಡುವ ದಿನ ಇವತ್ತು. ಇನ್ಸುಲಿನ್ ನಿಲ್ಲಿಸಿಯಾಗಿತ್ತು. ಸಕ್ಕರೆ ಏರುತ್ತಲೇ ಹೋದರೆ ಮತ್ತೆ ಹಳೆಯ ಪಾಡೇ ಗತಿ. ಅಳೆದು ಕೊಟ್ಟ ತಿಂಡಿ ತಿಂದ ತಂಗಿ, ಹೊತ್ತು ಕಳೆಯಲೆಂದು ಕಿತ್ತುಹೋದ ಗುಂಡಿಯೊಂದನ್ನು ಹೊಲಿಯಲು ಕೂತಳು. ದಾರ ಸೂಜಿಯ ಕಣ್ಣು ತಪ್ಪಿತು. ಮತ್ತೆ ತಪ್ಪಿತು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅಕ್ಕನ ಕೈ ತಾನಾಗಿ ಜೇಬಿಗೆ ಹೋಯಿತು. ಪೊಟ್ಟಣ ತಂಗಿಯ ಬಾಯಲ್ಲಿ ಖಾಲಿಯಾಯಿತು.

"ಅಯ್ಯೋ ಅಕ್ಕಾ! ಭಯಕ್ಕೆ ಕೈ ನಡುಗ್ತಿತ್ತು ಕಣೇ!"

ಸಕ್ಕರೆ ಏರಬಾರದ ದಿನವೇ ಅಕ್ಕ ಸಕ್ಕರೆ ತಿನ್ನಿಸಿಬಿಟ್ಟಿದ್ದಳು. ಯಾರೋ ಸತ್ತು ಕೊಟ್ಟುಹೋದದ್ದನ್ನು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಮಾಡಿಬಿಟ್ಟೆನಲ್ಲ ಎಂದು ಅಳುತ್ತಲೇ ಡಾಕ್ಟರಮ್ಮನನ್ನು ಕರೆತಂದಳು.

"ಆಗಿದ್ದಾಯ್ತು, ಕಾಯೋಣ. ಆ ಕಣಗಳು ಬದುಕಿದ್ರೆ ಇದಕ್ಕೂ ಅವೇ ಉತ್ತರ ಹೇಳ್ತವೆ" ಎಂದರು ಅವರು.

ಬೆರಳು ಚುಚ್ಚಿ ನೋಡಿದರೆ ಅಂಕಿ ಏರಿತ್ತು. ಅಕ್ಕ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಚುಚ್ಚಿದರು, ಏರುವುದು ನಿಂತಿತ್ತು. ಮತ್ತೆ ಚುಚ್ಚಿದಾಗ ಇಳಿಯತೊಡಗಿತ್ತು. ಯಾರೂ ಇನ್ಸುಲಿನ್ ಕೊಟ್ಟಿರಲಿಲ್ಲ! ಊಟದ ಹೊತ್ತಿಗೆ ಅಂಕಿ ಕಾಯಿಲೆಯೇ ಇಲ್ಲದವರ ಅಂಕಿಯಾಗಿತ್ತು. ಅಷ್ಟೆಲ್ಲ ಓದಿದ ಡಾಕ್ಟರಮ್ಮ ಕೂಡ ನಂಬಲಾಗದೆ ಇನ್ನೊಮ್ಮೆ ಚುಚ್ಚಿ ನೋಡಿದರು, ಅದೇ ಅಂಕಿ.

ಅಕ್ಕ ಬೆಕ್ಕಸಬೆರಗಾಗಿ ತಂಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಇಷ್ಟು ವರ್ಷ ಕಾವಲು ಕಾದವಳು ತಾನು. ಈಗ ಹೆಸರೂ ಗೊತ್ತಿಲ್ಲದ ಯಾರೋ ಒಳಗೆ ಎಚ್ಚರವಾಗಿದ್ದರು.

"ನಿಮ್ಮನ್ನ ಹೆತ್ತ ಹೊಟ್ಟೆ ತಣ್ಣಗಿರ್ಲಿ" ಎಂದಳು.

"ಯಾರ ಜೊತೆ ಮಾತಾಡ್ತಿದ್ದೀಯೇ?" ಎಂದಳು ತಂಗಿ.

"ನಿನ್ನ ಜೊತೆ ಅಲ್ಲ, ಸುಮ್ನಿರು."